ಮಲೆನಾಡಿನ ಮಳೆ, ನನ್ನ ಪೋಲೋ ಜಿಟಿ, 195/60 ಆರ್15 ಟೈರ್

2025ರ ಆಗಸ್ಟ್ ಎರಡನೇ ವಾರ. ಆಶ್ಲೇಷ ಮಳೆ ಬಿಡದೆ ಹೊಯ್ಯುತ್ತಿತ್ತು. ಅಮ್ಮನನ್ನು ಮೇಗರವಳ್ಳಿಗೆ ಬಿಡಲು ಶಿವಮೊಗ್ಗದಿಂದ ಹೊರಟಿದ್ದೆ. ಗಾಜನೂರು, ಸಕ್ರೆಬೈಲು ಆಯಿತು, ಮಂಡಗದ್ದೆಯನ್ನೂ ದಾಟಿದೆವು. ಮೀಟರ್ 60ರ ಹತ್ತಿರ ಇತ್ತು. ಒಂದು ಬಲ ತಿರುವಿನಲ್ಲಿ ಧರೆಯ ಮಣ್ಣು, ಕೊಳೆತ ಎಲೆ ತೊಳೆದು ಬಂದು ರಸ್ತೆ ತುಂಬ ಹರಡಿತ್ತು. ಎದುರಿಗೆ ಬಸ್ ಕಂಡಿತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಅಷ್ಟೇ. ಗಾಡಿಯ ಹಿಂಭಾಗ ಸೀದಾ ಎಡಕ್ಕೆ ಜಾರಿತು. ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕಿ ಹಿಡಿಯುವ ಇಎಸ್‌ಪಿಯ ದೀಪ ಮಿಣುಕಿತು, ಗಾಡಿ ಮತ್ತೆ ನೆಟ್ಟಗಾಯಿತು. ಎಲ್ಲಾ ಎರಡು ಸೆಕೆಂಡ್. ಹಿಂದೆ ಕೂತಿದ್ದ ಅಮ್ಮ ಹಪ್ಪಳದ ಡಬ್ಬಿ ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನ ಹೋಗೇ" ಅಂದರು. ತೀರ್ಥಹಳ್ಳಿವರೆಗೂ ನನ್ನ ಕೈ ನಡುಗುತ್ತಲೇ ಇತ್ತು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಘರ್ಷಣೆಯ ಬಗ್ಗೆ ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ದಿನ ಮನೆಗೆ ಬಂದವಳೇ ಟಾರ್ಚ್ ಹಿಡಿದು ನಾಲ್ಕೂ ಟೈರ್ ಹತ್ತಿರ ಕೂತು ನೋಡಿದೆ. ಮುಂದಿನ ಎರಡು ಚೆನ್ನಾಗಿದ್ದವು. ಹಿಂದಿನ ಎರಡರ ಮೇಲೆ 1419 ಎಂಬ ಸಂಖ್ಯೆ ಇತ್ತು. ಅಂದರೆ 2019ರ 14ನೇ ವಾರ ತಯಾರಾದವು. ಆರು ವರ್ಷದ ರಬ್ಬರ್. ಉಗುರು ಊರಿದರೆ ಊರುತ್ತಿರಲಿಲ್ಲ. ನೀರು ಹೊರಹೋಗಲು ಟೈರಿನ ಮೈಮೇಲೆ ಇರುವ ಕಾಲುವೆಯ ಆಳ 2 ಮಿಲಿಮೀಟರ್ ಇತ್ತು. ಕಾನೂನಿನ ಪ್ರಕಾರ 1.6 ಇದ್ದರೆ ಸಾಕು. ನಮ್ಮ ಮಳೆಗೆ ಸಾಲದು.

ತಪ್ಪು ಎಲ್ಲಿ ಆಗಿತ್ತು ಎಂದು ಆಗ ಗೊತ್ತಾಯಿತು. ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಅಂಗಡಿಯಲ್ಲಿ ಎರಡೇ ಹೊಸ ಟೈರ್ ಹಾಕಿಸಿದ್ದೆ. "ಇದು ಮುಂದಿನ ಚಕ್ರ ಎಳೆಯೋ ಗಾಡಿ, ಹೊಸದು ಮುಂದೇ ಇರಬೇಕು" ಎಂದು ಅವರು ಮುಂದೆ ಹಾಕಿ ಕಳಿಸಿದ್ದರು. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಮಳೆಯಲ್ಲಿ ಇದು ಉಲ್ಟಾ. ಮುಂದಿನ ಚಕ್ರ ಜಾರಿದರೆ ಗಾಡಿ ತಿರುಗದೆ ನೇರ ಹೋಗುತ್ತದೆ. ಕಾಲು ಸಡಿಲ ಮಾಡಿದರೆ ವೇಗ ಇಳಿದು ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿಯ ಹಾಗೆ ಸುತ್ತಲು ನೋಡುತ್ತದೆ. ಕಾಲು ತೆಗೆದಾಗ ಭಾರ ಮುಂದಕ್ಕೆ ಬಂದು ಹಿಂಭಾಗ ಇನ್ನೂ ಹಗುರಾಗುತ್ತದೆ. ಅದಕ್ಕೇ ಎರಡೇ ಟೈರ್ ಬದಲಾಯಿಸುವುದಾದರೆ ಒಳ್ಳೆಯವು ಹಿಂದೆ ಇರಬೇಕು ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ಮರುದಿನವೇ ಮುಂದಿನವನ್ನು ಹಿಂದೆ ಹಾಕಿಸಿದೆ. ನಾಲ್ಕೂ ಹೊಸದು ಕೊಳ್ಳುವವರೆಗೆ ಮಳೆಯಲ್ಲಿ 40ರ ಮೇಲೆ ಹೋಗಲಿಲ್ಲ.

ಈಗ ಗಾಡಿಯ ಬಗ್ಗೆ. ನನ್ನದು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಸೆಕೆಂಡ್ ಹ್ಯಾಂಡ್ ಕೊಂಡಿದ್ದು. 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಏಳು ಗೇರಿನ ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ದೊಡ್ಡ ಊರಿನವರು ಇದನ್ನು ಪರ್ಫಾರ್ಮೆನ್ಸ್ ಕಾರ್ ಅನ್ನುತ್ತಾರೋ ಇಲ್ಲವೋ, ಆಗುಂಬೆ ಘಾಟಿ ಹತ್ತುವಾಗ ನನಗೆ ಇದಕ್ಕಿಂತ ಬೇರೆ ಗಾಡಿ ಬೇಡ. ಅಷ್ಟು ಟಾರ್ಕ್ ಎರಡೇ ಚಕ್ರದ ಮೇಲೆ ಬೀಳುತ್ತದೆ. ಒದ್ದೆ ರಸ್ತೆಯಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ಸ್ವಲ್ಪ ಜಾಸ್ತಿ ಒತ್ತಿದರೂ ಚಕ್ರ ಗಿರ್ರನೆ ಸುತ್ತುತ್ತದೆ. ಹಾಗಾಗಿ ಟೈರ್ ಇಲ್ಲಿ ದೊಡ್ಡ ವಿಷಯ.

ಕಂಪನಿಯಿಂದ ಬಂದ ಅಳತೆ 185/60 ಆರ್15. ಅಂದರೆ ಟೈರ್ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆ ಆ ಅಗಲದ ಶೇ 60, ರಿಮ್ 15 ಇಂಚು. ಮುಂದಿರುವ ದಾರಿ ನಾಲ್ಕು. ಅದೇ ಅಳತೆ ಹಾಕಿಸುವುದು. ಅದೇ ರಿಮ್‌ಗೆ 195/60 ಹಾಕಿಸುವುದು. ಹೊಸ ರಿಮ್ ಕೊಂಡು 195/55 ಆರ್16ಕ್ಕೆ ಹೋಗುವುದು. ಇಲ್ಲವೇ ನನ್ನ ತಮ್ಮ ಹೇಳಿದ ಹಾಗೆ 205/45 ಆರ್17. ತಮ್ಮ ಬೆಂಗಳೂರಿನಲ್ಲಿದ್ದಾನೆ, ಕಾರ್ ಹುಚ್ಚು ಅವನಿಗೂ ಇದೆ. "ಅಕ್ಕಾ, 17 ಹಾಕ್ಸು, ಗಾಡಿ ಲುಕ್ಕೇ ಬದಲಾಗತ್ತೆ" ಎಂದು ದಿನಕ್ಕೆರಡು ಫೋಟೋ ಕಳಿಸುತ್ತಿದ್ದ. ಅವನ ಮಾತು ಸುಳ್ಳಲ್ಲ. ಒಣ ರಸ್ತೆಯಲ್ಲಿ ತಿರುವಿಗೆ ಗಾಡಿ ಚುರುಕಾಗುತ್ತದೆ, ನೋಡಲೂ ಚೆಂದ.

ಆದರೆ ಪಕ್ಕದ ಗೋಡೆಯ ಲೆಕ್ಕ ನೋಡಿ. 17 ಇಂಚಿನ ಆ ಅಳತೆಯಲ್ಲಿ ಗೋಡೆ 92 ಮಿಲಿಮೀಟರ್. 16ರಲ್ಲಿ 107. ನನ್ನ ಹಳೆಯ ಅಳತೆಯಲ್ಲಿ 111. 195/60 ಆರ್15ರಲ್ಲಿ 117. ಮಲೆನಾಡಿನ ರಸ್ತೆಯಲ್ಲಿ ಆಗಸ್ಟ್ ಬಂತೆಂದರೆ ಗುಂಡಿಯ ತುಂಬ ಕೆಂಪು ನೀರು ನಿಂತಿರುತ್ತದೆ. ಅದು ಎರಡು ಇಂಚು ಆಳವೋ ಅರ್ಧ ಅಡಿಯೋ ಮೇಲಿನಿಂದ ಗೊತ್ತಾಗುವುದಿಲ್ಲ. ಗೋಡೆ ಗಿಡ್ಡ ಇದ್ದಷ್ಟೂ ಗುಂಡಿಯ ಅಂಚು ಮತ್ತು ರಿಮ್ ನಡುವೆ ಟೈರ್ ಜಜ್ಜಿಹೋಗುತ್ತದೆ. ಒಳಗಿನ ನೂಲು ಹರಿದು ಪಕ್ಕದಲ್ಲಿ ಮೊಟ್ಟೆಯ ಹಾಗೆ ಉಬ್ಬುತ್ತದೆ. ಉಬ್ಬಿದ ಟೈರ್‌ಗೆ ಪಂಕ್ಚರ್ ಹಾಕಿದ ಹಾಗೆ ರಿಪೇರಿ ಇಲ್ಲ, ಬಿಸಾಡುವುದೇ. ಮೇಗರವಳ್ಳಿ ರಸ್ತೆಯಲ್ಲಿ ರಾತ್ರಿ ಎಂಟಕ್ಕೆ ಹಾಗಾದರೆ ಫೋನಿಗೂ ಸಿಗ್ನಲ್ ಇರುವುದಿಲ್ಲ. ಹಾಗಾಗಿ 17 ಅಲ್ಲಿಗೇ ಬಿಟ್ಟೆ. 16 ಕೆಟ್ಟ ಆಯ್ಕೆ ಅಲ್ಲ, ಇದೇ ಪೋಲೋಗೆ ಮುಂದೆ ಕಂಪನಿಯವರೇ 195/55 ಆರ್16 ಕೊಟ್ಟರು. ಆದರೆ ನಾಲ್ಕು ಹೊಸ ರಿಮ್‌ಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಟೈರೇ ಬರುತ್ತದೆ.

ಉಳಿದದ್ದು 185ಓ 195ಓ ಎಂಬ ಪ್ರಶ್ನೆ. ಇಲ್ಲಿ ನಾನು ಸಾಕಷ್ಟು ದಿನ ತಲೆ ಕೆಡಿಸಿಕೊಂಡೆ. ಅಗಲದ ಟೈರ್ ಅಂದರೆ ಜಾಸ್ತಿ ಹಿಡಿತ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಣ ರಸ್ತೆಯಲ್ಲಿ ಅದು ಬಹುಮಟ್ಟಿಗೆ ನಿಜ. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲು ಆಗದಿದ್ದಾಗ ನೀರಿನ ಮೇಲೇ ತೇಲುತ್ತದೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರ್ ಮೇಲೆ ಪರೀಕ್ಷೆ ಮಾಡಿ ಒಂದು ಸೂತ್ರ ಕೊಟ್ಟಿದ್ದಾರೆ. ಟೈರ್ ತೇಲಲು ಶುರುವಾಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ ಎಂದು. ಗಾಳಿಯ ಒತ್ತಡ 33 ಪಿಎಸ್‌ಐ ಇದ್ದರೆ ಆ ಲೆಕ್ಕದಲ್ಲಿ ಗಂಟೆಗೆ ಸುಮಾರು 96 ಕಿಲೋಮೀಟರ್ ಬರುತ್ತದೆ. ಗಾಳಿ 24ಕ್ಕೆ ಇಳಿದರೆ 82. ಕಾರಿಗೆ ಇದನ್ನು ಹಾಗೇ ಹಿಡಿಯಬಾರದು, ಕಾಲುವೆ ಸವೆದಿದ್ದರೆ ಇನ್ನೂ ಬೇಗ ತೇಲುತ್ತದೆ. ಆದರೆ ಗಾಳಿ ನೋಡಿಸದೆ ಮೂರು ತಿಂಗಳು ಓಡಿಸಿದರೆ ಏನಾಗುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ. ನನ್ನ ಕ್ಲಾಸಿನಲ್ಲಿ ಈಗ ಈ ಲೆಕ್ಕ ಮಾಡಿಸುತ್ತೇನೆ. ಬೈಕ್ ಓಡಿಸುವ ಹುಡುಗರು ತುಂಬ ಗಮನ ಕೊಟ್ಟು ಬರೆದುಕೊಳ್ಳುತ್ತಾರೆ.

205, 215ಕ್ಕೆ ಹೋಗದಿರಲು ಇದೇ ಕಾರಣ. ಆದರೆ 185 ಬಿಟ್ಟು 195 ಹಾಕಿಸಿದರೆ 10 ಮಿಲಿಮೀಟರ್ ಅಗಲ ಹೆಚ್ಚುವುದರಿಂದ ಮಳೆಯಲ್ಲಿ ದೊಡ್ಡ ನಷ್ಟ ಇಲ್ಲ. ಗೋಡೆ 6 ಮಿಲಿಮೀಟರ್ ಎತ್ತರ ಆಗುತ್ತದೆ, ಗಾಡಿಯೂ ಅಷ್ಟೇ ಮೇಲಕ್ಕೆ ಏಳುತ್ತದೆ. ಅಮ್ಮನ ಮನೆ ಅಂಗಳಕ್ಕೆ ಇಳಿಯುವ ಜಾಗದಲ್ಲಿ ಅದೂ ಉಪಕಾರ. ಭಾರ ಹೊರುವ ಸಂಖ್ಯೆ 84ರಿಂದ 88ಕ್ಕೆ ಹೋಗುತ್ತದೆ. ಅಂದರೆ ಒಂದು ಟೈರ್ 500 ಕಿಲೋ ಬದಲು 560 ಕಿಲೋ ಹೊರಬಲ್ಲದು. ಅಮ್ಮನ ಮನೆಯಿಂದ ವಾಪಸ್ ಬರುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿ, ಬಾಳೆಗೊನೆ, ಅಕ್ಕಿ ಮೂಟೆ ಇಲ್ಲದ ದಿನವೇ ಇಲ್ಲ. ನನ್ನ ರಿಮ್ ಅಗಲ 6 ಇಂಚು, ಅದಕ್ಕೆ 195 ಸರಿಯಾಗಿ ಕೂರುತ್ತದೆ.

ನಾನು ಟೈರ್ ಹಾಕಿಸಿದ ಅಂಗಡಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನ ಒಳಗಿನ ಸಾಲಿನಲ್ಲಿದೆ. ಸೆಪ್ಟೆಂಬರ್ ಮೊದಲ ವಾರ ವಿಚಾರಿಸಲು ಹೋದಾಗ ಯಜಮಾನರು ನೇರವಾಗಿ ಹೇಳಿದರು. "ಮೇಡಂ, ಅರ್ಜೆಂಟ್ ಇಲ್ಲ ಅಂದ್ರೆ 22ನೇ ತಾರೀಖಿನ ಮೇಲೆ ಬನ್ನಿ. ಜಿಎಸ್‌ಟಿ 28ರಿಂದ 18ಕ್ಕೆ ಇಳೀತಾ ಇದೆ. ಸುಮ್ನೆ ಯಾಕೆ ಜಾಸ್ತಿ ಕೊಡ್ತೀರಿ?" ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಎಷ್ಟು ಜನ ಸಿಗುತ್ತಾರೆ? ಒಂದು ಟೈರ್‌ಗೆ ಹತ್ತಿರ ಹತ್ತಿರ 500 ರೂಪಾಯಿ ಉಳಿಯಿತು. ನವರಾತ್ರಿಯಲ್ಲಿ ಹೋಗಿ, ಆಯುಧ ಪೂಜೆಗೆ ಮೊದಲೇ ಹಾಕಿಸಿದೆ.

ಹಾಕಿಸಿದ್ದು ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6. ಅಳತೆ 195/60 ಆರ್15, 88ವಿ. ವಿ ಅಂದರೆ ಗಂಟೆಗೆ 240 ಕಿಲೋಮೀಟರ್‌ವರೆಗೆ ತಾಳುವ ಟೈರ್. ಆ ವೇಗ ನನಗೆ ಬೇಕಿಲ್ಲ. ಕಂಪನಿ ಹೇಳಿದ ದರ್ಜೆಗಿಂತ ಕೆಳಗೆ ಹೋಗಬಾರದು, ಅಷ್ಟೇ ಮುಖ್ಯ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ವಾಲ್ವ್ ಎಲ್ಲಾ ಸೇರಿ 25,000 ರೂಪಾಯಿ ಹತ್ತಿರ ಆಯಿತು.

ಕೆಲಸ ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ಹಳೆಯ ಟೈರ್ ಬಿಚ್ಚುವ ಮೊದಲೇ ಹೊಸ ನಾಲ್ಕರ ತಯಾರಿಕೆ ವಾರವನ್ನೂ ತೋರಿಸಿದರು. ನಾಲ್ಕೂ ಆ ವರ್ಷದವೇ, ಒಂದೇ ತಿಂಗಳ ಒಳಗಿನವು. ಹಳೆಯ ವಾಲ್ವ್ ಕಿತ್ತು ಹೊಸದು ಹಾಕಿದರು. ರಿಮ್‌ನ ಅಂಚಿನಲ್ಲಿ ಗಟ್ಟಿಯಾಗಿದ್ದ ಕೊಳೆಯನ್ನು ಉಜ್ಜಿ ತೆಗೆದರು. ಅದು ಇದ್ದರೆ ನಿಧಾನಕ್ಕೆ ಗಾಳಿ ಇಳಿಯುತ್ತದಂತೆ. ನೈಟ್ರೋಜನ್ ಬೇಕಾ ಎಂದು ನಾನೇ ಕೇಳಿದೆ. "ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆಯಲ್ಲ ಮೇಡಂ, ಹದಿನೈದು ದಿನಕ್ಕೊಮ್ಮೆ ನೋಡಿಸ್ಕೊಳಿ ಸಾಕು" ಅಂದರು. ಭೌತಶಾಸ್ತ್ರದವಳಿಗೆ ಇದಕ್ಕಿಂತ ಇಷ್ಟದ ಮಾತು ಬೇರೆ ಇದೆಯಾ?

ಕೊನೆಗೆ ಬೋಲ್ಟ್ ಬಿಗಿ ಮಾಡುವಾಗ ಹುಡುಗ ಬೋಲ್ಟ್ ತಿರುಗಿಸುವ ಗನ್‌ನಿಂದ ಮೆಲ್ಲಗೆ ಕೂರಿಸಿ, ಆಮೇಲೆ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಟಿಕ್ ಅನ್ನುವ ಟಾರ್ಕ್ ರೆಂಚ್ ತಂದ. 120 ನ್ಯೂಟನ್ ಮೀಟರ್‌ಗೆ ಇಟ್ಟು, ಒಂದು ಬಿಟ್ಟು ಒಂದು ಬೋಲ್ಟ್‌ನಂತೆ ಟಿಕ್ ಅನ್ನುವವರೆಗೆ ತಿರುಗಿಸಿದ. ಪೋಲೋಗೆ ಬೇಕಾದದ್ದು ಅಷ್ಟೇ. ಗನ್‌ನಲ್ಲೇ ಬಡಿದು ಬಿಗಿ ಮಾಡಿಬಿಟ್ಟರೆ ದಾರಿಯಲ್ಲಿ ಪಂಕ್ಚರ್ ಆದಾಗ ನನ್ನ ಕೈಯಲ್ಲಿ ಬಿಚ್ಚಲು ಆಗುವುದಿಲ್ಲ. ಹಿಂದೊಮ್ಮೆ ಮಾಳೂರಿನ ಹತ್ತಿರ ಆ ಕಷ್ಟ ಪಟ್ಟಿದ್ದೇನೆ. ಒಂದು ತೊಂದರೆ ಅಂದರೆ ಸಮಯ. ಅಲೈನ್‌ಮೆಂಟ್ ಮಷಿನ್ ಒಂದೇ ಇದೆ. ಬೆಳಿಗ್ಗೆ ಹತ್ತಕ್ಕೆ ಹೋದವಳು ಬಿಟ್ಟಿದ್ದು ಮಧ್ಯಾಹ್ನ ಎರಡಕ್ಕೆ. ರಜೆ ಇರುವ ದಿನ ಹೋಗಿ.

ಮೊದಲ 300 ಕಿಲೋಮೀಟರ್ ಮೆಲ್ಲಗೆ ಓಡಿಸಿದೆ. ಹೊಸ ಟೈರಿನ ಮೇಲ್ಪದರ ಸ್ವಲ್ಪ ನುಣುಪಾಗಿರುತ್ತದೆ, ಅದು ಸವೆಯಬೇಕು. ಅಷ್ಟರಲ್ಲಿ ಹಸ್ತ ಮಳೆ ಹಿಡಿದಿತ್ತು. ಮಂಡಗದ್ದೆ ಆಚೆಯ ಅದೇ ತಿರುವಿಗೆ ಅದೇ 60ರಲ್ಲಿ ಹೋಗುವ ಧೈರ್ಯ ಮಾಡಲಿಲ್ಲ, 50ರಲ್ಲಿ ಹೋದೆ. ಗಾಡಿ ಗೆರೆ ಎಳೆದ ಹಾಗೆ ತಿರುಗಿತು. ಅಕ್ಟೋಬರ್ ಕೊನೆಗೆ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿಯ 14 ತಿರುವುಗಳನ್ನೂ ಮಂಜು, ಜಿನುಗು ಮಳೆಯಲ್ಲಿ ಇಳಿದೆ. ಪಾಚಿ ಹಿಡಿದ ತಡೆಗೋಡೆ ಪಕ್ಕದ ತಿರುವಿನಲ್ಲಿ ಬ್ರೇಕ್ ಒತ್ತಿದರೂ ಎಬಿಎಸ್ (ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಕಾಲಿಗೆ ಒದೆಯಲಿಲ್ಲ. ಹಳೆಯ ಟೈರ್‌ನಲ್ಲಿ ಅದು ಮಾಮೂಲಾಗಿತ್ತು. ಸೋಮೇಶ್ವರದ ಕೆಳಗೆ ಟೀ ಕುಡಿಯುವಾಗ, ಮೊದಲ ಸಲ ಈ ಘಾಟಿಯನ್ನು ಮಳೆಯಲ್ಲಿ ಹೆದರಿಕೆ ಇಲ್ಲದೆ ಇಳಿದೆ ಅನ್ನಿಸಿತು. ಈಗ ಆರು ಸಾವಿರ ಕಿಲೋಮೀಟರ್ ಆಗಿದೆ. ಆರಿದ್ರಾ, ಪುನರ್ವಸು ಮಳೆಯ ಪರೀಕ್ಷೆ ಇನ್ನೂ ಬಾಕಿ ಇದೆ.

ಅಳತೆ ಬದಲಾದ್ದರಿಂದ ಎರಡು ವಿಷಯ ನೆನಪಿಡಬೇಕು. ಟೈರಿನ ವ್ಯಾಸ 603 ಮಿಲಿಮೀಟರ್‌ನಿಂದ 615ಕ್ಕೆ ಏರಿದೆ, ಅಂದರೆ ಶೇ 2. ಮೀಟರ್ 80 ತೋರಿಸುವಾಗ ಮೊದಲು ಫೋನಿನ ಜಿಪಿಎಸ್ 76 ಅನ್ನುತ್ತಿತ್ತು, ಈಗ 78ರ ಹತ್ತಿರ. ಮೀಟರ್ ಕಿಲೋಮೀಟರನ್ನೂ ಶೇ 2 ಕಡಿಮೆ ಎಣಿಸುತ್ತದೆ. ಹಾಗಾಗಿ ಟ್ಯಾಂಕ್ ಲೆಕ್ಕದಲ್ಲಿ ಮೈಲೇಜ್ 14.2ರಿಂದ 13.6ಕ್ಕೆ ಬಿದ್ದಂತೆ ಕಂಡಿತು. ಸರಿಪಡಿಸಿ ನೋಡಿದರೆ 13.9. ಅಷ್ಟು ನಷ್ಟ ನಾನು ಒಪ್ಪಿಕೊಂಡಿದ್ದೇನೆ.

ಎರಡನೆಯದು ಸ್ಟೆಪ್ನಿ. ಅದು ಹಳೆಯ 185/60ರದ್ದೇ. ಯಜಮಾನರು ಹೇಳಿಕೊಟ್ಟ ಹಾಗೆ, ಮುಂದಿನ ಚಕ್ರ ಪಂಕ್ಚರ್ ಆದರೆ ಹಿಂದಿನ ಒಂದನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಬೇಕು. ಎಳೆಯುವ ಎರಡು ಚಕ್ರ ಒಂದೇ ಅಳತೆ ಇರಬೇಕು. ಹಿಂದೆ ಹಿಡಿತ ಕಡಿಮೆ ಇರುತ್ತದೆ, ಹಾಗಾಗಿ ಹತ್ತಿರದ ಪಂಕ್ಚರ್ ಅಂಗಡಿವರೆಗೆ ಮಾತ್ರ, ನಿಧಾನಕ್ಕೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಜ್ಯಾಕ್ ಜೊತೆ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ಬೇರೆಯವರೂ ಗಾಡಿ ತೆಗೆದುಕೊಂಡು ಹೋಗುತ್ತಾರೆ.