ಕಿನ್ನಾಳ, ಆನೆಗೊಂದಿ, ಸಂಡೂರು: ಕುಶಲಕರ್ಮಿಗಳ ಮನೆ ನೋಡಲು ಯಾವ ಟ್ರಿಪ್ ವಾಸಿ?

ಹಂಪಿ ನೋಡಲು ಬಂದ ನೆಂಟರನ್ನು ಎರಡನೇ ದಿನ ಎಲ್ಲಿಗೆ ಕರೆದುಕೊಂಡು ಹೋಗೋದು? ಕೊಪ್ಪಳದಲ್ಲಿ ಮನೆ ಇದ್ದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕಲ್ಲು, ಗುಡಿ, ಬಿಸಿಲು ಒಂದು ದಿನಕ್ಕೆ ಸಾಕೋ ಸಾಕು. ಅದಕ್ಕೇ ಈಗ ಗೈಡ್‌ಗಳು 'ಕ್ರಾಫ್ಟ್ ಟೂರ್' ಅಂತ ಹೊಸದೊಂದು ಹಿಡಿದಿದ್ದಾರೆ. ಬೆಳಿಗ್ಗೆ ಹೊರಟು ಗೊಂಬೆ ಮಾಡುವವರು, ಬುಟ್ಟಿ ಹೆಣೆಯುವವರು, ಕಸೂತಿ ಹಾಕುವವರ ಮನೆ ತೋರಿಸಿ ಸಂಜೆ ವಾಪಸ್ ತಂದು ಬಿಡುತ್ತಾರೆ. ನೆಂಟರ ನೆಪದಲ್ಲಿ ನಾನೂ ಇಂಥವನ್ನು ಸಾಕಷ್ಟು ಸುತ್ತಿದ್ದೇನೆ. ಒಂದಕ್ಕೊಂದು ತುಂಬಾ ವ್ಯತ್ಯಾಸ ಇದೆ.

ಮೊದಲು ಕಾರಿನ ಪ್ಯಾಕೇಜ್. ಹೊಸಪೇಟೆಯಿಂದ ಎಸಿ ಕಾರು, ಇಂಗ್ಲಿಷ್ ಮಾತಾಡುವ ಗೈಡ್, ಕಿನ್ನಾಳ, ಆನೆಗೊಂದಿ, ಮಧ್ಯಾಹ್ನದ ಊಟ, ಸಂಜೆ ರೆಸಾರ್ಟ್ ಒಂದರಲ್ಲಿ ತೊಗಲು ಗೊಂಬೆಯಾಟ. ತಲೆಗೆ ಎರಡು ಸಾವಿರ ದಾಟುತ್ತದೆ. ಗೈಡ್‌ಗೆ ಇತಿಹಾಸ ಚೆನ್ನಾಗಿ ಗೊತ್ತಿತ್ತು, ಅದನ್ನು ಒಪ್ಪಲೇಬೇಕು. ಕಿನ್ನಾಳದ ಚಿತ್ರಗಾರರು ವಿಜಯನಗರದ ಕಾಲದಿಂದ ಮರದ ಗೊಂಬೆಯ ಕೆಲಸ ಮಾಡಿಕೊಂಡು ಬಂದವರು. ವಿರೂಪಾಕ್ಷ ಗುಡಿಯ ಛಾವಣಿ ಚಿತ್ರಗಳನ್ನು ಬರೆದದ್ದು ತಮ್ಮ ಹಿರಿಯರೇ ಅಂತ ಅವರಲ್ಲಿ ಮಾತಿದೆ. ಇದನ್ನೆಲ್ಲ ಆತ ದಾರಿಯಲ್ಲೇ ಸೊಗಸಾಗಿ ಹೇಳಿ ಮುಗಿಸಿದ.

ಕಿನ್ನಾಳಕ್ಕೆ ಹೋದಮೇಲೆ ಮಾತ್ರ ಕಥೆ ಬೇರೆ. ಕರೆದುಕೊಂಡು ಹೋದದ್ದು ಒಂದೇ ಮನೆಗೆ. ಮುಂದಿನ ಕೋಣೆ ಪೂರಾ ಅಂಗಡಿ. ಗರುಡ, ಕಾಮಧೇನು, ಆನೆ, ಹಣ್ಣಿನ ಸೆಟ್ಟು, ಎಲ್ಲವೂ ಗಾಜಿನ ಕಪಾಟಿನಲ್ಲಿ. ಅರ್ಧ ಆಗಿದ್ದ ಗೊಂಬೆಯೊಂದನ್ನು ಕೈಗೆತ್ತಿಕೊಂಡು ಉಳಿಯಿಂದ ನಾಲ್ಕು ಏಟು ಹಾಕಿ ತೋರಿಸಿದರು. ಆಮೇಲೆ ಕುಂಚದಿಂದ ಒಂದು ಕಣ್ಣು ಬರೆದರು. ಅಷ್ಟಕ್ಕೇ ಪ್ರಾತ್ಯಕ್ಷಿಕೆ ಮುಗಿಯಿತು. ಉಳಿದ ಹೊತ್ತೆಲ್ಲ ಖರೀದಿಗೆ. ನಾನು ಇಷ್ಟಪಟ್ಟ ಗಣಪನ ಬೆಲೆ ಕೇಳಿದರೆ, ಮನೆಯವರು ಹೇಳುವ ಮೊದಲು ಗೈಡ್ ಮುಖ ನೋಡಿದರು. ಮುಂದೆ ಅದೇ ಊರಲ್ಲಿ, ಅದೇ ಅಳತೆಯ ಗಣಪನನ್ನು ಬೇರೆ ಮನೆಯಲ್ಲಿ ಕೇಳಿದಾಗ ಬೆಲೆ ಬಹಳ ಕಡಿಮೆ ಇತ್ತು. ಕಮಿಷನ್ ಎಲ್ಲಿ ಕೂತಿತ್ತು ಅಂತ ಬಿಡಿಸಿ ಹೇಳಬೇಕಾ?

ಎರಡನೆಯದು ಅದೇ ಕಿನ್ನಾಳಕ್ಕೆ, ಬಸ್ಸಿನಲ್ಲಿ. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಅಲ್ಲಿಯವನೇ ಒಬ್ಬ ಹುಡುಗ, ಕಾಲೇಜು ಓದುತ್ತಾ ರಜೆಯ ದಿನ ಬಂದವರನ್ನು ಸುತ್ತಾಡಿಸುತ್ತಾನೆ. ಇಂಗ್ಲಿಷ್ ಅಷ್ಟಕ್ಕಷ್ಟೇ, ಇತಿಹಾಸ ಕೇಳಿದರೆ ತಲೆ ಕೆರೆಯುತ್ತಾನೆ. ಆದರೆ ಹಿಂದಿನ ದಿನವೇ ನಾಲ್ಕಾರು ಮನೆಗೆ ಹೋಗಿ 'ನಾಳೆ ನಿಮ್ಮಲ್ಲಿ ಏನು ಕೆಲಸ ನಡಿತೈತಿ' ಅಂತ ಕೇಳಿಕೊಂಡು ಬಂದಿದ್ದ. ಈ ಒಂದು ಕೆಲಸಕ್ಕೆ ನಾನು ಅವನಿಗೆ ಪೂರ್ತಿ ಅಂಕ ಕೊಡುತ್ತೇನೆ.

ಯಾಕೆ ಅಂದರೆ ಕಿನ್ನಾಳದ ಗೊಂಬೆ ಒಂದು ದಿನದಲ್ಲಿ ಆಗುವಂಥದ್ದಲ್ಲ. ಹಗುರವಾದ ಪೊಲ್ಕಿ ಮರವನ್ನು ಕೆತ್ತಿ ಕೈ, ಕಾಲು, ಕಿರೀಟ ಬೇರೆ ಬೇರೆ ಮಾಡಿ ಅಂಟಿಸುತ್ತಾರೆ. ಅದರ ಮೇಲೆ ಕಿಟ್ಟ ಅನ್ನುವ ಲೇಪ ಮೆತ್ತಬೇಕು. ಅದು ಒಣಗಬೇಕು. ಆಮೇಲೆ ಒಡವೆಗಳ ಉಬ್ಬು ಕೆಲಸ, ಮತ್ತೆ ಒಣಗಿಸೋದು, ಬಿಳಿ ಬಳಿಯೋದು, ಕೊನೆಗೆ ಬಣ್ಣ. ಯಾವ ಮನೆಗೆ ಯಾವ ದಿನ ಹೋದರೂ ಸಿಗುವುದು ಒಂದು ಹಂತ ಮಾತ್ರ. ಆ ಹುಡುಗ ಒಂದು ಮನೆಯಲ್ಲಿ ಕೆತ್ತನೆ, ಇನ್ನೊಂದರಲ್ಲಿ ಕಿಟ್ಟ, ಮತ್ತೊಂದರಲ್ಲಿ ಬಣ್ಣ ಅಂತ ಜೋಡಿಸಿದ್ದ. ನಾವು ಒಂದು ಓಣಿ ದಾಟುವಷ್ಟರಲ್ಲಿ ಗೊಂಬೆ ಒಂದು ವಾರ ದಾಟುತ್ತಿತ್ತು.

ಕಿಟ್ಟದ ಮನೆಯಲ್ಲಿ ನಾವು ಜಾಸ್ತಿ ಹೊತ್ತು ಕೂತೆವು. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿ ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು, ಈ ಮೂರೂ ಸೇರಿದರೆ ಕಿಟ್ಟ. ಅಜ್ಜಿಯೊಬ್ಬರು ಅದನ್ನು ಚಪಾತಿ ಹಿಟ್ಟಿನ ಹಾಗೆ ನಾದುತ್ತಿದ್ದರು. ಚಿಟಿಕೆ ತೆಗೆದು ಎರಡು ಬೆರಳ ನಡುವೆ ಎಳೆದು ನೋಡುವುದು, ಸಾಲದು ಅನಿಸಿದರೆ ಮತ್ತೆ ಒಂದು ಹನಿ ಅಂಟು ಹಾಕುವುದು. ಹಸಿ ವಾಸನೆ ಸ್ವಲ್ಪ ಹುಳಿ ಹುಳಿ. ಮರದ ತುಂಡುಗಳು ಕೂಡುವ ಕಡೆ ಬಿರುಕು ಕಾಣಬಾರದು ಅಂತ ಅಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಾರೆ. ಪಕ್ಕದಲ್ಲೇ ಬೆಣಚುಕಲ್ಲಿನ ಪುಡಿಗೆ ಅಂಟು ಕಲಸಿದ ಬಟ್ಟಲಿತ್ತು. ಗರುಡನ ಕೊರಳಿನ ಸರ, ಸೊಂಟದ ಪಟ್ಟಿ ಎಲ್ಲ ಅದರಲ್ಲೇ ಉಬ್ಬಿ ಬರಬೇಕು. ಬಣ್ಣ ಹಚ್ಚಿದಮೇಲೆ ಅದನ್ನು ಕೆತ್ತಿದ್ದಾರೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. 'ಕುಂದರ್ರಿ, ಚಾ ಕುಡದು ಹೋಗ್ರಿ' ಅಂದರು. ಕುಡಿದೇ ಹೊರಟೆವು.

ಒಂದೊಂದು ಮನೆಗೂ ಇಷ್ಟು ಅಂತ ಹುಡುಗ ಮೊದಲೇ ನಮ್ಮಿಂದ ಪಡೆದು ಅವರ ಕೈಗೇ ಕೊಟ್ಟ. ಹಾಗಾಗಿ ಏನೂ ಕೊಳ್ಳದೆ ಎದ್ದು ಬರಲು ನಮಗೆ ಮುಜುಗರ ಆಗಲಿಲ್ಲ, ಅವರ ಮುಖವೂ ಸಣ್ಣದಾಗಲಿಲ್ಲ. ಎಲ್ಲ ಸೇರಿಸಿದರೂ ಖರ್ಚು ಕಾರಿನ ಪ್ಯಾಕೇಜಿನ ಕಾಲು ಭಾಗ. ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ವಾಪಸ್ ಬಸ್ಸಿಗೆ ಕಾಯಬೇಕು, ವಯಸ್ಸಾದವರಿಗೆ ಬಿಸಿಲಲ್ಲಿ ಓಣಿ ಸುತ್ತೋದು ಕಷ್ಟ.

ಆನೆಗೊಂದಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ತುಂಗಭದ್ರೆ ದಡದ ಬಾಳೆ ತೋಟಗಳಲ್ಲಿ ಗೊನೆ ಕಡಿದಮೇಲೆ ಉಳಿಯುವ ದಿಂಡಿನ ಪಟ್ಟೆಯನ್ನು ಒಣಗಿಸಿ, ಸೀಳಿ, ಹುರಿ ಮಾಡಿ ಬುಟ್ಟಿ, ಚೀಲ, ಚಾಪೆ ಹೆಣೆಯುತ್ತಾರೆ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಇದನ್ನು ಊರಿನ ಹೆಂಗಸರಿಗೆ ಕಲಿಸಿ ಬೆಳೆಸಿತು. ನೋಡಲು ಚೆಂದ, ನೆರಳಲ್ಲಿ ಕೂತು ನೋಡಬಹುದು, ಮಕ್ಕಳು ಕೈ ಹಾಕಿದರೂ ಏನೂ ಕೆಡುವುದಿಲ್ಲ. ಇಲ್ಲಿ ಗೈಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಲಸ ಕಣ್ಣೆದುರೇ ಇದೆ, ಹೆಂಗಸರೇ ಮಾತಾಡುತ್ತಾರೆ. ಸುಮ್ನೆ ಗೈಡ್‌ಗೆ ದುಡ್ಡು ಯಾಕೆ?

ಸಂಜೆಯ ತೊಗಲು ಗೊಂಬೆಯಾಟ ಪ್ಯಾಕೇಜಿನಲ್ಲಿ ಅತಿ ಕಳಪೆ ಭಾಗ. ಆಟ ಆಡಿದವರ ತಪ್ಪಲ್ಲ ಅದು. ರಾಮಾಯಣವನ್ನು ಅರ್ಧ ಗಂಟೆಗೆ ಕತ್ತರಿಸಿ, ಊಟದ ತಟ್ಟೆ ಸಪ್ಪಳದ ನಡುವೆ ಆಡಿಸಿದರೆ ಯಾರು ತಾನೇ ಏನು ಮಾಡಿಯಾರು? ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಮೇಲೆ ಎಲ್ಲರಿಗೂ ಗೊಂಬೆಯಾಟ ಬೇಕಾಗಿದೆ. ಆದರೆ ನೋಡಬೇಕಾದದ್ದು ಪರದೆಯ ಹಿಂದೆ. ಆಟ ಮುಗಿದಮೇಲೆ ನಾನೇ ಎದ್ದು ಹಿಂದಕ್ಕೆ ಹೋಗಿ ಕೇಳಿಕೊಂಡೆ. ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿದ ಚರ್ಮ, ಅದರಲ್ಲಿ ಸಾಲು ಸಾಲಾಗಿ ಕೊರೆದ ಸಣ್ಣ ತೂತು. ಹಿಂದಿನಿಂದ ದೀಪ ಹಿಡಿದರೆ ಆ ತೂತುಗಳೇ ಸೀತೆಯ ಒಡವೆ. ಗೈಡ್ ಅಷ್ಟರಲ್ಲಿ ಕಾರು ಹೊರಡುತ್ತೆ ಅಂತ ಕರೆದ.

ಈಗ ಸಂಡೂರು. ಬಳ್ಳಾರಿಯಲ್ಲಿರುವ ಅಕ್ಕನ ಮನೆಯಿಂದ ಹೊರಟಿದ್ದು. ದಾರಿ ತುಂಬಾ ಅದಿರು ಲಾರಿ, ಕೆಂಪು ಧೂಳು. ಸಂಡೂರು ಬಂತು ಅಂದರೆ ಹಸಿರು ಗುಡ್ಡ. ಇಲ್ಲಿನ ಲಂಬಾಣಿ ಕಸೂತಿಗೂ ಕಿನ್ನಾಳದ ಗೊಂಬೆಯ ಹಾಗೇ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಇದೆ. 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ತುಣುಕುಗಳನ್ನು ಒಟ್ಟಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದರು.

ನಮ್ಮ ಜೊತೆ ಬಂದ ಗೈಡ್ ತಾಂಡಾದ ಹೆಣ್ಣುಮಗಳು. ಅದರ ಲಾಭ ಏನು ಅಂತ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಕಸೂತಿ ಹಾಕುವ ಹೆಂಗಸರಿಗೆ ಕನ್ನಡ ಬರುತ್ತದೆ. ಆದರೆ ಹೊಲಿಗೆಯ ಮಾತು ಬಂದರೆ ತಮ್ಮ ಲಂಬಾಣಿ ಮಾತಿಗೇ ತಿರುಗುತ್ತಾರೆ. ಕಿಲನ್, ವೆಲೆ, ಬಕ್ಯಾ, ಮಾಕಿ ಅಂತ ಒಂದೊಂದು ಹೊಲಿಗೆಗೂ ಒಂದು ಹೆಸರು. ಗೈಡ್ ಪಕ್ಕದಲ್ಲೇ ಕೂತು, ಅವರು ಹಾಕುತ್ತಿದ್ದಂತೆ ಬೆರಳಿಟ್ಟು ತೋರಿಸಿದಳು. ಅಕ್ಕನ ಮಗಳಿಗೆ ಒಂದು ತುಂಡು ಬಟ್ಟೆ, ಸೂಜಿ, ಕನ್ನಡಿ ಚೂರು ಕೊಟ್ಟರು. ಕನ್ನಡಿಗೆ ತೂತೇ ಇಲ್ಲ. ಮೊದಲು ಅದರ ಮೇಲೆ ಅಡ್ಡಡ್ಡ ಉದ್ದುದ್ದ ದಾರ ಎಳೆದು ಚೌಕಟ್ಟು ಕಟ್ಟಬೇಕು, ಆಮೇಲೆ ಆ ದಾರವನ್ನೇ ಹಿಡಿದು ಸುತ್ತಲೂ ಹೊಲಿಯುತ್ತಾ ಅಂಚಿಗೆ ಎಳೆಯಬೇಕು. ಹುಡುಗಿ ಎಷ್ಟೇ ಎಳೆದರೂ ಕನ್ನಡಿ ಜಾರಿ ಜಾರಿ ಬೀಳುತ್ತಿತ್ತು. ಎಲ್ಲರೂ ನಕ್ಕರು. ಅರ್ಧ ದಿನ ಹೋದದ್ದೇ ತಿಳಿಯಲಿಲ್ಲ.

ಕೈಯಾರೆ ಮಾಡಿ ನೋಡಬೇಕು ಅನ್ನುವವರಿಗೆ ನಾನು ಸಂಡೂರನ್ನೇ ಹೇಳುವುದು. ಕಿನ್ನಾಳದಲ್ಲಿ ಉಳಿ ಹಿಡಿಯಲು ಯಾರೂ ಕೊಡುವುದಿಲ್ಲ, ಕೊಡಲೂಬಾರದು. ನೋಡಿಯೇ ತಣಿಯುವವರಿಗೆ ಮಾತ್ರ ಕಿನ್ನಾಳ, ಅದೂ ಆ ಹುಡುಗನಂಥವರ ಜೊತೆ. ಕಾರಿನ ಪ್ಯಾಕೇಜನ್ನು ನಡೆಯಲಾಗದ ಹಿರಿಯರಿದ್ದರೆ ತೆಗೆದುಕೊಳ್ಳಿ. ಆದರೆ ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ: ಎಷ್ಟು ಮನೆಗೆ ಹೋಗ್ತೀವಿ, ಆ ಮನೆಯವರಿಗೆ ನೀವು ಎಷ್ಟು ಕೊಡ್ತೀರಿ? ಎರಡನೇ ಪ್ರಶ್ನೆಗೆ ಉತ್ತರ ತಡವಾದರೆ ಬೇರೆ ಕಾರು ನೋಡಿ.

ಪಟ್ಟಣದೊಳಗೇ ಏನಾದರೂ ಇದೆಯಾ ಅಂತ ಕೇಳುವವರೂ ಇದ್ದಾರೆ. ಬಳ್ಳಾರಿ ಜೀನ್ಸ್ ಇದೆಯಲ್ಲ! ಪರಿಚಯದವರೊಬ್ಬರ ಮೂಲಕ ಕೌಲ್ ಬಜಾರ್ ಕಡೆಯ ಒಂದು ಸಣ್ಣ ಯೂನಿಟ್ಟಿಗೆ ಹೋಗಿದ್ದೆ. ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಬೆಲ್ಟಿನ ಪಟ್ಟಿ ಹೊಲಿಯುತ್ತಾರೆ. ಒಂದು ಪ್ಯಾಂಟು ಎಷ್ಟು ಕೈ ದಾಟುತ್ತದೆ ಅಂತ ನೋಡುವುದೇ ಮಜಾ. ಆದರೆ ಅಲ್ಲಿ ಕೂಲಿ ಪೀಸ್ ಲೆಕ್ಕದಲ್ಲಿ. ನಾನು ಒಂದು ಪ್ರಶ್ನೆ ಕೇಳಿದರೆ ಮಶೀನು ನಿಲ್ಲುತ್ತದೆ, ಅಷ್ಟು ಹೊತ್ತಿನ ದುಡ್ಡು ಅವರಿಗೆ ಹೋಯಿತು. ಇಂಥ ಕಡೆ ಟೂರ್ ಮಾಡುವವರು ನಿಂತ ಮಶೀನಿಗೂ ಒಂದು ದರ ಕಟ್ಟಿ ಕೊಡಬೇಕು. ಸದ್ಯಕ್ಕೆ ಅಂಥ ವ್ಯವಸ್ಥೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನಂತೂ ಎರಡು ಪ್ಯಾಂಟು ಕೊಂಡು ಬೇಗ ಹೊರಗೆ ಬಂದೆ.