ಮಗನ ಕ್ರಾಸ್ ಕಂಟ್ರಿಗೆ ಕಾಲೇಜು ಹುಡುಕಿದ್ದು: ಡಿವಿಷನ್ 1, 2, 3 ಮೂರೂ ನೋಡಿ ಬಂದ್ಮೇಲೆ

ನಾನು ಜೀವನದಲ್ಲಿ ಓಡಿದ್ದು ಅಂದ್ರೆ ದಾವಣಗೆರೇಲಿ ಬಸ್ಸಿನ ಹಿಂದೆ ಮಾತ್ರ. ಓಡೋನು ನನ್ನ ಮಗ. ನಾವಿರೋದು ಶಿಕಾಗೋ ಹತ್ರ ಅರೋರಾದಲ್ಲಿ, ಬಾಲಾಜಿ ದೇವಸ್ಥಾನ ಇರೋ ಊರು. ಒಂದು ವರ್ಷ ಅವನನ್ನ ಕೂರಿಸ್ಕೊಂಡು ಕಾಲೇಜು ಕಾಲೇಜು ಸುತ್ತಿದ್ದಾಯ್ತು, ಇನ್ನು ಸುತ್ತೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಕ್ರಾಸ್ ಕಂಟ್ರಿ ಅಂದ್ರೆ ಟ್ರ್ಯಾಕ್ ಬಿಟ್ಟು ಹುಲ್ಲು, ಮಣ್ಣಿನ ಮೇಲೆ ಓಡೋ ಓಟ. ಇಲಿನಾಯ್ ಹೈಸ್ಕೂಲಲ್ಲಿ ಅದು 3 ಮೈಲಿ, ಸ್ಟೇಟ್ ಮೀಟ್ ಪಿಯೋರಿಯಾದ ಡೆಟ್‌ವೈಲರ್ ಪಾರ್ಕಲ್ಲಿ. ಇವನು ಅಲ್ಲಿ ಓಡಿದ್ದು 14:48. ಈ ಟೈಮು ಒಂಥರಾ ತ್ರಿಶಂಕು ಸ್ವರ್ಗ, ಕೋಚ್‌ಗಳೇ ಹುಡುಕ್ಕೊಂಡು ಬರೋ ಅಷ್ಟು ಒಳ್ಳೇದಲ್ಲ, ಸುಮ್ನೆ ಬಿಟ್ಬಿಡೋ ಅಷ್ಟು ಕೆಟ್ಟದ್ದೂ ಅಲ್ಲ.

ಇಲ್ಲಿ ಕಾಲೇಜು ಕ್ರೀಡೇಲಿ ಮೂರು ಹಂತ, ಅದಕ್ಕೇ ಡಿವಿಷನ್ ಅನ್ನೋದು, 1 ಅಂದ್ರೆ ಎಲ್ಲಕ್ಕಿಂತ ಮೇಲಿಂದು. ಮೊದ್ಲು ಡಿವಿಷನ್ 1. ದೊಡ್ಡ ಯೂನಿವರ್ಸಿಟಿ, ಹೆಸರು ಬೇಡ. ಒಳಗೆ ಹೋದ್ರೆ ಕಣ್ಣು ಕುಕ್ಕುತ್ತೆ ಮಾರಾಯ್ರೇ, ಇಂಡೋರ್ ಟ್ರ್ಯಾಕು, ಐಸ್ ಬಾತು, ಶೂ ಇಡೋಕೇ ಒಂದು ರೂಮು, ನಂಗಂತೂ ಆಗ್ಲೇ ಕನ್ನಡ ಕೂಟದಲ್ಲಿ ಈ ಕಾಲೇಜಿನ ಟೀ ಶರ್ಟ್ ಹಾಕ್ಕೊಂಡು ಓಡಾಡೋ ಕನಸು ಶುರುವಾಗಿತ್ತು. ಕೋಚ್ ಚೆನ್ನಾಗೇ ಮಾತಾಡಿಸಿದ, ಸ್ಕಾಲರ್‌ಶಿಪ್ ಇಲ್ಲ, ವಾಕ್ ಆನ್ ಆಗಿ, ಅಂದ್ರೆ ಓಟದ ದುಡ್ಡಿಲ್ದೇ ಟೀಮ್ ಸೇರೋಕೆ, ಬರಲಿ ನೋಡೋಣ ಅಂದ. ಈ ‘ನೋಡೋಣ’ಕ್ಕೆ ಮೊದಲು ಒಂದು ಬೆಲೆ ಇತ್ತು, ಯಾಕಂದ್ರೆ ಟೀಮಲ್ಲಿ ಎಷ್ಟು ಹುಡುಗ್ರನ್ನ ಬೇಕಾದ್ರೂ ಇಟ್ಕೋಬಹುದಿತ್ತು, ನಿಧಾನಕ್ಕೆ ಬೆಳೆಯೋ ಹುಡುಗ ಎರಡು ವರ್ಷ ಹಿಂದೆ ಓಡ್ಕೊಂಡು ಮೂರನೇ ವರ್ಷ ಮುಂದೆ ಬರ್ತಿದ್ದ. 2025 ಜೂನಲ್ಲಿ ಕೋರ್ಟು ‘ಹೌಸ್ ಸೆಟ್ಲ್‌ಮೆಂಟ್’ ಅನ್ನೋದನ್ನ, ಅಂದ್ರೆ ಕಾಲೇಜು ಆಟಗಾರರಿಗೆ ದುಡ್ಡು ಕೊಡೋ ಬಗ್ಗೆ ನಡೆದ ಕೇಸಿನ ರಾಜಿಯನ್ನ, ಒಪ್ಪಿದ್ಮೇಲೆ ಲೆಕ್ಕ ಬದಲಾಯ್ತು. ಅದಕ್ಕೆ ಸೇರ್ಕೊಂಡಿರೋ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ಪಿನ ಮಿತಿ ಹೋಯ್ತು, ಅದ್ರ ಬದ್ಲು ಟೀಮಿನ ಸೈಜಿಗೇ ಮಿತಿ ಬಂತು, ಗಂಡು ಹುಡುಗರ ಕ್ರಾಸ್ ಕಂಟ್ರಿಗೆ 17 ಜನ. ನನ್ ಮಗ 18ನೆಯವನಾದ್ರೆ ಏನು ಸಾರ್ ಅಂತ ನಾನು ಬಾಯಿಬಿಟ್ಟು ಕೇಳಿದೆ, ನಕ್ಕ ಅಷ್ಟೇ. ಎರಡು ತಿಂಗಳಾದ್ಮೇಲೆ ಇಮೇಲ್ ಬಂತು, ಈ ವರ್ಷ ಜಾಗ ಇಲ್ಲ ಅಂತ. ಹುಡುಗ ಎರಡು ದಿನ ಶೂ ಮುಟ್ಲಿಲ್ಲ.

ಆಮೇಲೆ ಡಿವಿಷನ್ 2, ಕೊಲರಾಡೋದ ಅಲಮೋಸಾದಲ್ಲಿರೋ ಆಡಮ್ಸ್ ಸ್ಟೇಟ್. ಡೆನ್ವರಿಗೆ ಫ್ಲೈಟು, ಅಲ್ಲಿಂದ ಸುಮಾರು ನಾಲ್ಕು ಗಂಟೆ ಡ್ರೈವು, ದಾರೀಲಿ ಮನುಷ್ಯರಿಗಿಂತ ಹಸುಗಳೇ ಜಾಸ್ತಿ. ಊರು ಚಿಕ್ಕದು, ಆದ್ರೆ ಓಡೋರಿಗೆ ಅದು ಕ್ಷೇತ್ರ ಇದ್ದಂಗೆ. ಜೋ ವಿಜಿಲ್ ಅನ್ನೋ ಕೋಚ್ ಕಟ್ಟಿದ ಟೀಮು, 1992ರ ನ್ಯಾಷನಲ್ಸಲ್ಲಿ 15 ಪಾಯಿಂಟ್ ತಗೊಂಡ್ರು. ಗೊತ್ತಿಲ್ದೇ ಇರೋರಿಗೆ, ಏಳು ಜನ ಓಡಿ ಮೊದಲ ಐದು ಜನರ ಸ್ಥಾನ ಕೂಡಿಸ್ತಾರೆ, ಕಮ್ಮಿ ಬಂದೋರು ಗೆದ್ದಂಗೆ, ಅಂದ್ರೆ 15 ಬಂತು ಅಂದ್ರೆ ಒಂದರಿಂದ ಐದು ಪೂರ್ತಿ ಇವ್ರೇ, ಅದಕ್ಕಿಂತ ಕಮ್ಮಿ ತಗೊಳ್ಳೋಕೆ ಆಗೋದೇ ಇಲ್ಲ. ಅಲಮೋಸಾ ಇರೋದು 2,300 ಮೀಟರ್ ಎತ್ತರದಲ್ಲಿ, ಊಟಿಗಿಂತ ಸ್ವಲ್ಪ ಮೇಲೇನೇ. ಆಮ್ಲಜನಕ ಕಮ್ಮಿ, ಅಲ್ಲೇ ಇದ್ದು ತಿಂಗಳುಗಟ್ಟಲೆ ಓಡಿದ್ರೆ ರಕ್ತದಲ್ಲಿ ಕೆಂಪು ಕಣ ಜಾಸ್ತಿ ಆಗುತ್ತೆ, ಕೆಳಗೆ ಬಂದು ಓಡೋವಾಗ ಅದು ಕೈ ಹಿಡಿಯುತ್ತೆ. ಆದ್ರೆ ಮೊದಲ ದಿನ? ಬೆಳಿಗ್ಗೆ ಒಬ್ಬನೇ ಈಸಿ ರನ್ ಅಂತ ಹೋದೋನು ಎರಡನೇ ಮೈಲಿಗೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ, ವಾಪಸ್ ಬಂದು ‘ಅಪ್ಪಾ, ಗಾಳೀನೇ ಇಲ್ಲ’ ಅಂದ. ಸ್ಕಾಲರ್‌ಶಿಪ್ ಸಿಗ್ತಿತ್ತು, ಡಿವಿಷನ್ 2ರಲ್ಲಿ ಫುಲ್ ಸ್ಕಾಲರ್‌ಶಿಪ್ ಅನ್ನೋದು ಅಪರೂಪ, ಹೆಚ್ಚಂದ್ರೆ 12.6 ಜನರ ಫೀಸಿನಷ್ಟು ದುಡ್ಡನ್ನ ಟ್ರ್ಯಾಕು, ಕ್ರಾಸ್ ಕಂಟ್ರಿ ಎರಡೂ ಸೇರಿಸಿ ಹಂಚ್ತಾರೆ, ಹಂಗಾಗಿ ಒಬ್ಬೊಬ್ಬನಿಗೆ ಚೂರು ಚೂರು. ಓಟಕ್ಕೆ ಅಂತಾನೇ ನೋಡಿದ್ರೆ ಮೂರರಲ್ಲಿ ಇದೇ ನಂಬರ್ ಒನ್, ಅನುಮಾನಾನೇ ಇಲ್ಲ. ನನ್ನವಳು ಮಾತ್ರ ಮೆಸ್ಸಲ್ಲಿ ಸಸ್ಯಾಹಾರದ ಕೌಂಟರ್ ನೋಡಿ ಬಂದು ಕಾರಲ್ಲಿ ಒಂದು ಗಂಟೆ ಮಾತೇ ಆಡ್ಲಿಲ್ಲ.

ಕೊನೇದು ಡಿವಿಷನ್ 3, ನೇಪರ್‌ವಿಲ್‌ನ ನಾರ್ತ್ ಸೆಂಟ್ರಲ್ ಕಾಲೇಜು. ಮನೆಯಿಂದ ಇಪ್ಪತ್ತು ನಿಮಿಷ, ಅದಕ್ಕೇ ನಾವು ಅದನ್ನ ಕಾಲೇಜು ಅಂತಾನೇ ಲೆಕ್ಕಕ್ಕೆ ಇಟ್ಟಿರ್ಲಿಲ್ಲ ನೋಡಿ. ಹಿತ್ತಲ ಗಿಡ ಮದ್ದಲ್ಲ. ಆಲ್ ಕೇರಿಯಸ್ ಅನ್ನೋರು 1966ರಲ್ಲಿ ಕೋಚ್ ಆಗಿ ಬಂದು ದಶಕಗಟ್ಟಲೆ ಅಲ್ಲೇ ಇದ್ದೋರು, 1975ರಲ್ಲಿ ಮೊದಲ ನ್ಯಾಷನಲ್ ಟೈಟಲ್ಲು, ಡಿವಿಷನ್ 3ರ ಗಂಡಸರ ಕ್ರಾಸ್ ಕಂಟ್ರೀಲಿ ಇವರಷ್ಟು ಸಲ ಗೆದ್ದೋರು ಯಾರೂ ಇಲ್ಲ. ಓಟಕ್ಕೆ ಅಂತ ಒಂದು ಡಾಲರೂ ಕೊಡಲ್ಲ, ಡಿವಿಷನ್ 3ರ ರೂಲೇ ಅದು, ಆದ್ರೆ ಮಾರ್ಕ್ಸ್ ನೋಡಿ ಕೊಡೋ ಸ್ಕಾಲರ್‌ಶಿಪ್, ಮನೆ ಆದಾಯ ನೋಡಿ ಕೊಡೋ ಸಹಾಯ ಎಲ್ಲ ಇದೆ, ನಮ್ಮ ಕೇಸಲ್ಲಿ ಅದೆಲ್ಲ ಕಳೆದು ಕೈಯಿಂದ ಕಟ್ಟೋ ದುಡ್ಡು ಅಲಮೋಸಾದ್ದಕ್ಕೂ ಇದಕ್ಕೂ ಹೆಚ್ಚು ಕಮ್ಮಿ ಒಂದೇ ಬಂತು. ದಯವಿಟ್ಟು ಸ್ಕಾಲರ್‌ಶಿಪ್ ಎಷ್ಟು ಅಂತ ನೋಡ್ಬೇಡಿ, ಕಟ್ಟೋದು ಎಷ್ಟು ಅಂತ ನೋಡಿ.

ರಾತ್ರಿ ಟೀಮ್ ಹುಡುಗ್ರ ರೂಮಲ್ಲೇ ಮಲಗಿದ್ದ. ನಾನು ಹೇಳಿ ಕಳಿಸಿದ್ದು ಒಂದೇ, ಟೀಮಲ್ಲಿ ಎಲ್ಲರಿಗಿಂತ ಹಿಂದೆ ಓಡೋನು ಯಾರು ಅಂತ ಕಂಡುಹಿಡಿದು ಅವನ ಹತ್ರ ಮಾತಾಡು ಅಂತ. ಮುಂದೆ ಓಡೋರಿಗೆ ಯಾವ ಕಾಲೇಜಾದ್ರೂ ಚೆನ್ನಾಗೇ ಇರುತ್ತೆ, ಅಲ್ವಾ. ಆ ಹುಡುಗ ಹಿಂದಿನ ಸೀಸನಲ್ಲಿ ಎಷ್ಟು ರೇಸ್ ಓಡಿದ್ದೆ, ಯಾವುದ್ರಲ್ಲಿ ಎಷ್ಟು ಸೆಕೆಂಡ್ ಇಳಿಸಿದೆ ಅಂತ ಒಂದೊಂದೇ ಹೇಳಿದ್ನಂತೆ, ಕೋಚ್‌ಗೂ ಅದೆಲ್ಲ ಬಾಯಲ್ಲೇ ಇದೆಯಂತೆ. ಬೆಳಿಗ್ಗೆ ಕಾರ್ ಹತ್ತಿದೋನು ಸೀಟ್ ಬೆಲ್ಟ್ ಹಾಕೋ ಮೊದ್ಲೇ ‘ಇದೇ ಸಾಕಪ್ಪ’ ಅಂದ.

ನಂಗೆ ಒಳಗೊಳಗೆ ಅಲಮೋಸಾನೇ ಇತ್ತು, ಈಗ್ಲೂ ಇದೆ. ಹಾಸ್ಟೆಲಲ್ಲೇ ಇರ್ತೀನಿ, ವಾರದ ಮಧ್ಯೆ ಬಿಸಿಬೇಳೆಬಾತ್ ಡಬ್ಬಿ ಹಿಡ್ಕೊಂಡು ಬರ್ಬೇಡಿ ಅಂತ ಈಗ್ಲೇ ವಾರ್ನಿಂಗ್ ಕೊಟ್ಟಿದಾನೆ. ಕಾಲೇಜಲ್ಲಿ ಓಡೋದು 8 ಕಿಲೋಮೀಟರ್, ಇಷ್ಟು ದಿನ ಓಡಿದ್ದಕ್ಕಿಂತ ಎರಡು ಮೈಲಿ ಜಾಸ್ತಿ, ಅದಕ್ಕೆ ಬೆಳಿಗ್ಗೆ ಐದೂವರೆಗೇ ಎದ್ದು ಫಾಕ್ಸ್ ರಿವರ್ ಟ್ರೇಲಿಗೆ ಹೋಗ್ತಾನೆ, ನಾನು ಸೈಕಲಲ್ಲಿ ನೀರಿನ ಬಾಟ್ಲಿ ಹಿಡ್ಕೊಂಡು ಹಿಂದೆ.