ಟೊಮೆಟೊ ಕಡ್ಡಿ ಕೊಳ್ಳುವವರು ಬುಡದ ಕಪ್ಪನ್ನು ಕೆರೆದು ನೋಡದೆ ದುಡ್ಡು ಕೊಡಬೇಡಿ

ಮುಳಬಾಗಿಲು ತಾಲ್ಲೂಕಿನಲ್ಲಿ ಹದಿನಾರು ವರ್ಷಗಳಿಂದ ಟೊಮೆಟೊ ಬೆಳೆಯುತ್ತಿರುವ ನಾನು ಈ ಬೇಸಿಗೆಯಲ್ಲಿ, ಗಿಡಕ್ಕೆ ಆಸರೆಯಾಗಿ ಹೂಳುವ ಕಡ್ಡಿ ಮಾರುವ ವ್ಯಾಪಾರಿಯೊಬ್ಬನಿಂದ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅಂಥದೇ ಲೋಡು ನಾಳೆ ನಿಮ್ಮ ಹೊಲದಲ್ಲಿ ಇಳಿಯಬಹುದು.

ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ನಮ್ಮ ಕಡೆ ಒಳ್ಳೆಯ ಕಡ್ಡಿಗೆ ಹುಡುಕಾಡುವಂತಾಗಿದೆ. ಹಾಗಾಗಿ, ಆರಡಿಯ ಹೊಸ ನೀಲಗಿರಿ ಕಡ್ಡಿ, ಬುಡವನ್ನು ಗೆದ್ದಲಿನ ಔಷಧಿಯಲ್ಲಿ ಅದ್ದಿದ್ದು, ಒಂದಕ್ಕೆ 22 ರೂಪಾಯಿ ಎಂದಾಗ ನಾನು ಎರಡನೇ ಮಾತಾಡದೆ ಒಂದು ಎಕರೆಗೆಂದು 1,300 ಕಡ್ಡಿ ಇಳಿಸಿಕೊಂಡೆ. ಬುಡ ಕಪ್ಪಗೆ ಮಿರುಗುತ್ತಿತ್ತು. ಟ್ರ್ಯಾಕ್ಟರ್ ಆಯಿಲ್ ವಾಸನೆ ಮೂಗಿಗೆ ಬಡಿದಿತ್ತು. ಬಡಿದಿತ್ತು, ಆದರೂ ನಾನು ಕೇಳಲಿಲ್ಲ.

ನಾಟಿ ಮಾಡಿ ಎರಡು ತಿಂಗಳಾಗಿ, ಕಾಯಿ ಬಲಿತು, ಕಡ್ಡಿಗಳ ನಡುವೆ ಗಿಡ ಕಟ್ಟಲು ಎಳೆದ ತಂತಿಯ ಮೇಲೆ ಪೂರ್ತಿ ಭಾರ ಬಿದ್ದಿದ್ದ ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಅರ್ಧ ಗಂಟೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಏಳು ಸಾಲುಗಳು ತಂತಿ ಸಮೇತ ಮಲಗಿದ್ದವು. ಒಂದು ಕಡ್ಡಿಯೂ ಕಿತ್ತು ಬಂದಿರಲಿಲ್ಲ, ಎಲ್ಲವೂ ನೆಲದ ಮಟ್ಟಕ್ಕೇ ಮುರಿದಿದ್ದವು. ಒಂದು ಬುಡವನ್ನು ಕಿತ್ತು ಕುಡುಗೋಲಿನ ಮೊನೆಯಿಂದ ಕಪ್ಪನ್ನು ಕೆರೆದೆ. ಒಳಗೆ ಕಿರುಬೆರಳು ತೂರುವಷ್ಟು ಗೆದ್ದಲಿನ ಕೊರೆತ, ಅದರ ತುಂಬ ಗಟ್ಟಿಯಾದ ಬೂದು ಮಣ್ಣು. ನಮ್ಮ ಹೊಲದ್ದು ಕೆಂಪು ಮಣ್ಣು! ಮೇಲ್ಭಾಗವನ್ನು ತಿರುಗಿಸಿ ನೋಡಿದೆ, ಹಳೆಯ ತಂತಿ ಸುತ್ತಿದ್ದ ತುಕ್ಕಿನ ಗೆರೆ. ಅಳೆದೆ, ಐದೂವರೆ ಅಡಿ. ಯಾರದೋ ಹೊಲದಲ್ಲಿ ಎರಡು ಮೂರು ಬೆಳೆ ಕಂಡ ಕಡ್ಡಿಯ ಕೊಳೆತ ತುದಿ ಕತ್ತರಿಸಿ, ಚೂಪು ಮಾಡಿ, ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಅದ್ದಿ ನನಗೆ ಹೊಸದೆಂದು ಕೊಟ್ಟಿದ್ದರು.

ವ್ಯಾಪಾರಿಗೆ ಫೋನ್ ಮಾಡಿದೆ. "ಗಾಳಿಗೆ ಮರಾನೇ ಬೀಳ್ತದೆ ಅಣ್ಣಾ, ಕಡ್ಡಿ ಯಾವ ಲೆಕ್ಕ" ಎಂದ. ಬೂದು ಮಣ್ಣಿನ ವಿಷಯ ಹೇಳಿದೆ. "ಡ್ರಿಪ್ ನೀರು ಜಾಸ್ತಿ ಬಿಟ್ಟಿದ್ದೀರ" ಎಂದ. ಬಿಲ್ ಕೇಳಿದ್ದಕ್ಕೆ "ಕಡ್ಡಿಗೆ ಯಾರಣ್ಣಾ ಬಿಲ್ ಕೊಡ್ತಾರೆ, ಇಳಿಸ್ಕೊಳ್ಳೋವಾಗ ನೀವೇ ನೋಡಿದ್ರಲ್ಲಾ" ಎಂದು ಫೋನ್ ಇಟ್ಟವನು ಮತ್ತೆ ಎತ್ತಲೇ ಇಲ್ಲ. ನೀವೇ ನೋಡಿದ್ರಲ್ಲಾ! ನಾನು ನೋಡಿದ್ದೆ ಎಂಬುದೇ ಇವತ್ತಿಗೂ ಚುಚ್ಚುತ್ತಿದೆ.

ನೆಲಕ್ಕೆ ತಾಗಿದ ಕಾಯಿ ಕೊಳೆಯಿತು, ಎಲೆಯ ಮರೆ ತಪ್ಪಿದ ಕಾಯಿ ಬಿಸಿಲಿಗೆ ಬೆಂದು ಬಿಳಿಚಿತು. ಆ ನಷ್ಟಕ್ಕಿಂತ ಹೆಚ್ಚು ಸಿಟ್ಟು ಬರುವುದು ಆ ಎಣ್ಣೆಯ ವಿಷಯಕ್ಕೆ. ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಎಂಜಿನ್ ಸವೆದ ಲೋಹದ ಅಂಶವಿರುತ್ತದೆ. ಮಕ್ಕಳು ಹಸಿಯಾಗಿ ಕಚ್ಚಿ ತಿನ್ನುವ ಹಣ್ಣಿನ ಬೇರಿನ ಪಕ್ಕ ಅದನ್ನು ನನ್ನ ಕೈಯಿಂದಲೇ ಹೂಳಿಸಿದರು. ಹಳೆಯ ಕಡ್ಡಿಗೆ ಅಂಟಿದ ಮಣ್ಣಿನಲ್ಲಿ ಸೊರಗು ರೋಗವೂ ಬರಬಹುದು.

ಬುಡಕ್ಕೆ ಏನನ್ನೂ ಬಳಿಯದ ಕಡ್ಡಿಯನ್ನೇ ಕೇಳಿ ಪಡೆಯಿರಿ. ನಮ್ಮಪ್ಪ ಬುಡವನ್ನು ಬೆಂಕಿಯಲ್ಲಿ ಕರಿ ಮಾಡಿ ನೆಡುತ್ತಿದ್ದರು, ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಲೋಡಿನ ನಡುವಿನಿಂದ ಹತ್ತು ಕಡ್ಡಿ ಎಳೆದು ಮೊಣಕಾಲಿಗೆ ಕೊಟ್ಟು ಬಗ್ಗಿಸಿ ನೋಡಿ, ಮುರಿದರೆ ಇಲ್ಲವೇ ತುಕ್ಕಿನ ಗೆರೆ ಕಂಡರೆ ಗಾಡಿಯನ್ನು ವಾಪಸ್ ಕಳಿಸಿ. ಕಡ್ಡಿ ಹೊಸದೆಂದು ಚೀಟಿಯಲ್ಲಿ ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಉಳಿದ ಸಾಲುಗಳು ಇನ್ನೂ ಅದೇ ಕಡ್ಡಿಗಳ ಮೇಲೆ ನಿಂತಿವೆ. ಪ್ರತಿ ಮೂರನೇ ಕಡ್ಡಿಯ ಪಕ್ಕಕ್ಕೆ ಒಂದು ಸರ್ವೆ ಮರದ ಗೂಟ ಹೊಡೆಸುತ್ತಿದ್ದೇನೆ. ಅದಕ್ಕೂ ಸಾಲ ತಂದಿದ್ದೇನೆ.